ಕಾಲು ಚಾಚುವ ವಿದ್ಯೆ

ನಿಮ್ಮ ಆಫೀಸಿನಲ್ಲಿ ಮ್ಯಾರಥಾನ್ ತಯಾರಿ ನಡೆಸುತ್ತಿರುವವರು ಯಾರೆಂದು ತಿಳಿಯಲು ಭಾನುವಾರ ಮುಂಜಾನೆ ಎದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಬೇಕಾಗಿಲ್ಲ. ಅಲ್ಲಿ ಎಲ್ಲರೂ ಚೆನ್ನಾಗಿಯೇ ಓಡುತ್ತಿರುತ್ತಾರೆ. ಮಂಗಳವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಬುಡದಲ್ಲಿ ನಿಂತರೆ ಸಾಕು. ಮೇಲಿನಿಂದ ಒಬ್ಬರು ಕಂಬಿ ಹಿಡಿದುಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ, ಮೆಟ್ಟಿಲಿಗೊಂದು ದೇವರ ಹೆಸರು ಹೇಳುತ್ತ ಇಳಿದು ಬರುತ್ತಾರಲ್ಲ, ಅವರೇ. “ಏನ್ ಸಾರ್, ಬಿದ್ರಾ?” ಎಂದು ಕೇಳಿ ನೋಡಿ. ಮುಖದಲ್ಲಿ ನೋವು ಹೋಗಿ ಹೆಮ್ಮೆ ಬರುತ್ತದೆ. “ಇಲ್ಲಪ್ಪ, ಭಾನುವಾರ ಹದಿನೆಂಟು ಮಾಡಿದೆ” ಎನ್ನುತ್ತಾರೆ. ಹದಿನೆಂಟು ಏನು ಎಂದು ಅವರೂ ಹೇಳುವುದಿಲ್ಲ, ಕೇಳಿದವರೂ ಕೆದಕುವುದಿಲ್ಲ.

ನಾನೂ ಈ ಮಠಕ್ಕೆ ಸೇರಿದವನೇ. ಐವತ್ತು ದಾಟಿದ ಮೇಲೆ ಅರ್ಧ ಮ್ಯಾರಥಾನಿಗೆ, ಅಂದರೆ ಇಪ್ಪತ್ತೊಂದು ಕಿಲೋಮೀಟರಿಗೆ, ಕಾಲು ಹಾಕಿದವನು. ಯಾಕೆ ಶುರುವಾಯಿತು ಎಂಬುದರಲ್ಲಿ ಸ್ವಾರಸ್ಯವೇನಿಲ್ಲ. ಒಂದು ರಕ್ತಪರೀಕ್ಷೆಯ ವರದಿ, ಒಬ್ಬ ತೆಳ್ಳಗಿನ ಭಾವಮೈದುನ, ಇವೆರಡೂ ಒಂದೇ ವಾರದಲ್ಲಿ ಮನೆಗೆ ಬಂದರೆ ಯಾವ ಗಂಡಸೂ ಓಡುತ್ತಾನೆ. ಸ್ವಾರಸ್ಯ ಇರುವುದು ಓಟ ಮುಗಿದ ಮೇಲೆ. ಓಡುವುದು ಎರಡು ಗಂಟೆಯ ಕೆಲಸ, ಕಾಲುನೋವು ಎರಡು ದಿನದ ಸಂಸಾರ. ಶೂ ಯಾವುದು, ಟೈಮಿಂಗ್ ಎಷ್ಟು, ಪದಕ ಹೇಗಿದೆ ಎಂದು ಮಾತಾಡುವವರು ಊರ ತುಂಬ ಇದ್ದಾರೆ. ಈ ಎರಡು ದಿನಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಈ ನೋವಿನ ಸ್ವಭಾವವೇ ವಿಚಿತ್ರ. ಓಡಿ ಬಂದ ದಿನ ಬರುವುದಿಲ್ಲ. ಅವತ್ತು ಸುಸ್ತು ಇರುತ್ತದೆ, ಆದರೆ ಅದು ಹಿತವಾದ ಸುಸ್ತು. ಇಡ್ಲಿ ನಾಲ್ಕು ಹೆಚ್ಚಿಗೆ ಇಳಿಯುತ್ತದೆ, ಮಧ್ಯಾಹ್ನ ನಿದ್ದೆ ಗಡದ್ದಾಗಿ ಬರುತ್ತದೆ. ಸೋಮವಾರ ಬೆಳಿಗ್ಗೆ ಸ್ವಲ್ಪ ಬಿಗಿ ಅನ್ನಿಸುತ್ತದೆ, ಇಷ್ಟೇನಾ ಎಂದುಕೊಳ್ಳುತ್ತೇವೆ. ಅಸಲು ಕಂತು ಬರುವುದು ಆಮೇಲೆ. ಓಡಿದ ಮೇಲೆ 24 ಗಂಟೆಯಿಂದ 72 ಗಂಟೆಯೊಳಗೆ ಅದು ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ. ಆ ಹೊತ್ತಿಗೆ ನಮ್ಮ ಸಾಹಸವನ್ನು ಮನೆಯವರು ಮರೆತಿರುತ್ತಾರೆ. ನೋವಿಗೆ ಕಾರಣವೇ ಇಲ್ಲದಂತಾಗಿ, ನಾವು ಬರೀ ನರಳುವವರಾಗಿ ಉಳಿಯುತ್ತೇವೆ.

ಇಂಥದ್ದೊಂದು ಮಂಗಳವಾರ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದನ್ನು ಕಂಬಕ್ಕೊರಗಿ ಹೇಗೋ ತಪ್ಪಿಸಿಕೊಂಡೆ. ಮಂಗಳಾರತಿ ಆಯಿತು. ಎಲ್ಲರೂ ಸಾಷ್ಟಾಂಗ ಹಾಕಿದರು, ನಾನೂ ಹಾಕಿದೆ. ಕೆಳಗೆ ಹೋಗುವುದಕ್ಕೆ ಭೂಮಿಯ ಸೆಳೆತ ಸಹಾಯ ಮಾಡಿತು. ಏಳುವುದಕ್ಕೆ ಯಾರೂ ಇರಲಿಲ್ಲ. ಒಂದು ಮಂಡಿ ಮಡಚಲು ನೋಡಿದೆ, ತೊಡೆ ಒಪ್ಪಲಿಲ್ಲ. ಇನ್ನೊಂದರ ಅಭಿಪ್ರಾಯವೂ ಅದೇ. ಹಾಗೇ ಮಲಗಿದ್ದೆ. ಸುತ್ತ ಎಲ್ಲರೂ ಎದ್ದು ಪ್ರಸಾದದ ಸಾಲಿಗೆ ನಿಂತಿದ್ದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಪುರೋಹಿತರು ನನ್ನ ಭಕ್ತಿಗೆ ಮೆಚ್ಚಿ ತಲೆಯ ಮೇಲೆ ಅಕ್ಷತೆ ಹಾಕಿ ಇನ್ನೊಂದು ಮಂತ್ರ ಹೇಳಿದರು. ನನ್ನ ಹೆಂಡತಿ ಬಗ್ಗಿ, ಯಾರಿಗೂ ಕೇಳದ ಹಾಗೆ, “ರೀ, ಸಾಕು ಏಳಿ, ಎಲ್ಲಾರೂ ನೋಡ್ತಿದಾರೆ” ಎಂದಳು. ಕೊನೆಗೆ ಹುಡುಗನೊಬ್ಬನ ಭುಜ ಹಿಡಿದು ಎದ್ದೆ. ಆ ಮನೆಯಲ್ಲಿ ನನಗೆ ಈಗಲೂ ದೊಡ್ಡ ದೈವಭಕ್ತ ಎಂಬ ಹೆಸರಿದೆ.

ಮೈಸೂರಿನಲ್ಲಿರುವವರಿಗೆ ಕಾಲಿನ ಪಾಠ ಹೇಳಲು ಚಾಮುಂಡಿಬೆಟ್ಟವೇ ಇದೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಚಿಲ್ಲರೆ ಮೆಟ್ಟಿಲು. ನಮ್ಮ ಓಟದ ಗುಂಪಿನವರು ಇದನ್ನು ‘ಹಿಲ್ ಟ್ರೈನಿಂಗ್’ ಎನ್ನುತ್ತಾರೆ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ದಾರಿಯ ಬಹುಪಾಲು ಕಳೆದ ಮೇಲೆ ನಂದಿಯ ಮುಖ ಕಂಡಾಗ ಕೈಮುಗಿಯಲೂ ಉಸಿರಿರುವುದಿಲ್ಲ. ಇಳಿಯುವುದು ಸಲೀಸು. ಗಾಳಿ ಬೀಸುತ್ತದೆ, ಊರು ಕಾಣುತ್ತದೆ, ಮಾತು ಬರುತ್ತದೆ. ಹಾಗಾಗಿ ನೋವೇನಾದರೂ ಬಂದರೆ ಹತ್ತಿದ್ದರಿಂದ ಎಂದೇ ಎಲ್ಲರ ನಂಬಿಕೆ.

ಸಂಗತಿ ತಿರುಗಾಮುರುಗಾ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನೆಲ್ಲ ತಡೆದು ಹಿಡಿದುಕೊಂಡೇ ಉದ್ದವಾಗುತ್ತ ಹೋಗಬೇಕು. ಉಸಿರಿಗೆ ಇದು ಹಗುರ, ಸ್ನಾಯುವಿನ ಎಳೆಗಳಿಗೆ ಭಾರ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂಥ ಸಣ್ಣ ಸಣ್ಣ ಹರಕುಗಳಾಗುತ್ತವೆ, ಅವನ್ನು ರಿಪೇರಿ ಮಾಡಲು ಮೈ ಬಾವು ತರುತ್ತದೆ, ಸುತ್ತಲಿನ ನರಗಳು ಮುಟ್ಟಿದರೆ ಮುನಿಯುತ್ತವೆ. ಈ ರಿಪೇರಿಗೆ ಸಮಯ ಹಿಡಿಯುವುದರಿಂದಲೇ ನೋವು ತಡವಾಗಿ ಬರುವುದು. ಅಮೆರಿಕದ ಥಿಯೋಡರ್ ಹಾಫ್ ಎಂಬ ಶರೀರಶಾಸ್ತ್ರಜ್ಞ 1902ರಲ್ಲೇ ಈ ಹರಕಿನ ವಿಷಯ ಬರೆದಿಟ್ಟಿದ್ದಾನೆ. ಪಾಪ, ಅವನು ಬೆಟ್ಟ ಹತ್ತಿಸಲಿಲ್ಲ. ಬೆರಳಿನಿಂದ ಸ್ಪ್ರಿಂಗು ಎಳೆಸಿದ. ಆಗಿಂದಾಗ ಆಗುವ ದಣಿವಿನ ನೋವು ಬೇರೆ, ಮಾರನೆಯ ದಿನ ಬರುವ ನೋವು ಬೇರೆ, ಎರಡನೆಯದು ಸ್ನಾಯುವಿನೊಳಗೆ ಏನೋ ಹರಿದದ್ದರಿಂದ ಎಂದು ಆಗಲೇ ಅಂದಾಜು ಮಾಡಿದ್ದ.

ಆದರೆ ನಮ್ಮ ಜಿಮ್ಮಿನ ಹುಡುಗರಿಗೆ ಹಾಫ್ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಒಂದೇ. “ಲ್ಯಾಕ್ಟಿಕ್ ಆಸಿಡ್ ಸೇರ್ಕೊಂಡಿದೆ ಸಾರ್, ಇಳೀಬೇಕು.” ಲ್ಯಾಕ್ಟಿಕ್ ಆಸಿಡ್ಡಿನ ಮೇಲೆ ಈ ಆರೋಪ ಎಷ್ಟು ಕಾಲದಿಂದ ಇದೆಯೆಂದರೆ ಅದಕ್ಕೆ ಜಾಮೀನು ಕೊಡಿಸುವವರೇ ಇಲ್ಲ. ಸ್ನಾಯು ಮತ್ತು ಈ ಆಮ್ಲದ ನಂಟನ್ನು ಬಿಡಿಸಿದ ಕೆಲಸದಲ್ಲಿ ದೊಡ್ಡ ಪಾಲು ಆರ್ಚಿಬಾಲ್ಡ್ ಹಿಲ್ ಮತ್ತು ಒಟ್ಟೋ ಮೇಯರ್ಹಾಫ್ ಅವರದು. 1922ರ ನೊಬೆಲ್ ಅವರಿಗೆ ಹೋಯಿತು. ಅಂಥ ದೊಡ್ಡವರ ಹೆಸರು ಹಿಂದಿದ್ದ ಮೇಲೆ ಊರಿನ ನೋವೆಲ್ಲ ಅದರ ಖಾತೆಗೆ ಬಿತ್ತು. ಈಗ ತಿಳಿದಿರುವ ಪ್ರಕಾರ, ಜೋರಾಗಿ ಓಡಿ ನಿಂತ ಮೇಲೆ ಒಂದು ಗಂಟೆ ಆಚೀಚೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ಹೃದಯ ಅದನ್ನು ಉರುವಲು ಮಾಡಿಕೊಳ್ಳುತ್ತದೆ, ಯಕೃತ್ತು ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. ಭಾನುವಾರ ಹತ್ತು ಗಂಟೆಗೇ ಊರು ಬಿಟ್ಟವನ ಮೇಲೆ ಮಂಗಳವಾರದ ಕಳ್ಳತನ ಹೊರಿಸಿದರೆ ಯಾವ ಕೋರ್ಟೂ ಒಪ್ಪುವುದಿಲ್ಲ.

ಚಾಮುಂಡಿಬೆಟ್ಟದ ಮೆಟ್ಟಿಲ ಮೇಲೆ ನಾನು ನಿಜವಾಗಿ ಬೆರಗುಪಡುವುದು ಓಟಗಾರರನ್ನು ನೋಡಿ ಅಲ್ಲ. ಹರಕೆ ಹೊತ್ತ ಹೆಂಗಸರಿದ್ದಾರೆ. ಎಡಗೈಯಲ್ಲಿ ಅರಿಸಿನ ಕುಂಕುಮದ ತಟ್ಟೆ ಹಿಡಿದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಬಳಿದು ಕುಂಕುಮ ಇಡುತ್ತ ಹತ್ತುತ್ತಾರೆ. ಬೆರಳ ತುದಿ ಕೆಂಪಾಗಿ, ಉಗುರ ಸಂದಿ ಹಳದಿಯಾಗಿರುತ್ತದೆ. ಬಗ್ಗುವುದು, ಏಳುವುದು, ಒಂದು ಮೆಟ್ಟಿಲು ಹತ್ತುವುದು, ಮತ್ತೆ ಬಗ್ಗುವುದು. ಇದನ್ನೇ ನಮ್ಮ ತರಬೇತುದಾರ ಸ್ಕ್ವಾಟ್ ಎಂದು ಕರೆದು ಹದಿನೈದರ ಮೂರು ಸರದಿ ಮಾಡಿಸುತ್ತಾನೆ. ನಾವು ಮೂರನೆಯದರಲ್ಲಿ ನೀರು ಕುಡಿಯುವ ನೆಪ ಹುಡುಕುತ್ತೇವೆ. ಈ ಅಮ್ಮಂದಿರು ಸಾವಿರ ಮಾಡುತ್ತಾರೆ, ಅದೂ ಬರಿಗಾಲಿನಲ್ಲಿ, ಅದೂ ಉಪವಾಸ, ಅದೂ ನಡುವೆ ಸೊಸೆಯ ವಿಷಯ ಮಾತಾಡುತ್ತ. “ನಾಳೆ ಕಾಲು ನೋಯಲ್ವಾ ಅಮ್ಮ?” ಎಂದು ಒಬ್ಬರನ್ನು ಕೇಳಿದೆ. “ನೋಯತ್ತೆ ಕಣಪ್ಪ. ನೋಯ್ದಿದ್ರೆ ಅದೆಂಥಾ ಹರಕೆ?” ಎಂದು ಮುಂದಿನ ಮೆಟ್ಟಿಲಿಗೆ ಬಗ್ಗಿದರು.

ಮನೆಗೆ ಬಂದು ಕಾಲು ನೋವು ಎಂದರೆ ಔಷಧಿಗೇನೂ ಬರವಿಲ್ಲ. ಅತ್ತೆಯವರದು ಎಳ್ಳೆಣ್ಣೆ ಪಕ್ಷ. ಉಗುರುಬೆಚ್ಚಗೆ ಕಾಯಿಸಿ ಮೀನಖಂಡಕ್ಕೆ ಕೆಳಗಿನಿಂದ ಮೇಲಕ್ಕೆ ತಿಕ್ಕಬೇಕು, ಅರ್ಧ ಗಂಟೆ ಬಿಟ್ಟು ಹಂಡೆ ನೀರು ಹುಯ್ಯಬೇಕು. ಪಕ್ಕದ ಮನೆ ಮೇಷ್ಟ್ರು ಲಕ್ಕಿ ಸೊಪ್ಪಿನವರು. ಬೇಲಿಯಿಂದ ಮುರಿದು ತಂದು ಕುದಿಸಿ ಆ ನೀರಿನಲ್ಲಿ ಸ್ನಾನ ಮಾಡಿಸುವುದರಲ್ಲಿ ಅವರಿಗೆ ಅಪಾರ ಉತ್ಸಾಹ. ಮಗನದು ಫೋಮಿನ ಉರುಳೆ. ಅದರ ಮೇಲೆ ತೊಡೆ ಇಟ್ಟು ಹಿಂದೆ ಮುಂದೆ ಉರುಳಬೇಕಂತೆ. ಉರುಳುವಾಗ ನಾನು ಮಾಡುವ ಸದ್ದಿಗೆ ಬೀದಿನಾಯಿ ಉತ್ತರ ಕೊಡುತ್ತದೆ. ಗುಂಪಿನ ಎಳೆಯರು ಬಕೆಟ್ಟಿಗೆ ಐಸು ಸುರಿದು ಕಾಲಿಳಿಬಿಡು ಎನ್ನುತ್ತಾರೆ.

ಎಲ್ಲವನ್ನೂ ಮೈಮೇಲೆ ಪ್ರಯೋಗಿಸಿ, ಸಿಕ್ಕಿದ್ದನ್ನು ಓದಿ, ನಾನು ಕೊಡುವ ತೀರ್ಪು ಇದು. ಎಣ್ಣೆ ತಿಕ್ಕುವುದು, ಅಂಗಮರ್ದನ, ನಿಜಕ್ಕೂ ನೋವು ತಗ್ಗಿಸುತ್ತದೆ; ಎಣ್ಣೆಗಿಂತ ತಿಕ್ಕುವ ಕೈಯ ಪುಣ್ಯ ಹೆಚ್ಚು. ಬಿಸಿನೀರು ಹಿತ. ಐಸಿನಿಂದ ನೋವು ಸ್ವಲ್ಪ ಇಳಿಯುತ್ತದೆ, ಆದರೆ ಭಾರ ಎತ್ತಿ ಸ್ನಾಯು ಬೆಳೆಸಲು ಹೊರಟವರು ದಿನಾ ತಣ್ಣೀರಲ್ಲಿ ಕೂತರೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ಓಟದ ಹಿಂದೆ ಮುಂದೆ ಕಾಲೆಳೆದು ಬಗ್ಗಿಸುವ ಸ್ಟ್ರೆಚಿಂಗ್ ಉಂಟಲ್ಲ, ಮಾರನೆಯ ದಿನದ ನೋವಿನ ಮಟ್ಟಿಗೆ ಅದರಿಂದ ಆಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಮಾಡಬೇಡಿ ಎನ್ನುವುದಿಲ್ಲ; ಪಾರ್ಕಿನಲ್ಲಿ ಹತ್ತು ನಿಮಿಷ ಹರಟಲು ಅದಕ್ಕಿಂತ ಗೌರವದ ನೆಪ ಇಲ್ಲ. ನೋವಿನ ಮಾತ್ರೆಯೊಂದರ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಐಬುಪ್ರೊಫೆನ್ ತರಹದ್ದನ್ನು ನುಂಗಿ ಬಿಸಿಲಲ್ಲಿ ದೂರ ಓಡುವವರಿದ್ದಾರೆ. ಮೈಯಲ್ಲಿ ನೀರಿಳಿದಿರುವಾಗ ಆ ಮಾತ್ರೆ ಮೂತ್ರಪಿಂಡಕ್ಕೆ ರಕ್ತ ಹೋಗುವುದನ್ನೂ ಕಡಿಮೆ ಮಾಡುತ್ತದೆ. ಪದಕ ತವರದ್ದು, ಮೂತ್ರಪಿಂಡ ಹಾಗಲ್ಲ.

ನನಗೊಬ್ಬ ವೈದ್ಯ ಮಿತ್ರನಿದ್ದಾನೆ, ಶಾಲೆಯಲ್ಲಿ ಒಂದೇ ಬೆಂಚು. ಅವನ ನಿಯಮ ಚಿಕ್ಕದು: “ಎರಡೂ ಕಾಲು ನೋಯ್ತಿದ್ರೆ ನೀನು ಓಡಿದ್ದೀಯ. ಒಂದೇ ಕಾಲು ನೋಯ್ತಿದ್ರೆ ನನ್ನ ಹತ್ರ ಬಾ.” ಒಂದೇ ಮೀನಖಂಡ ಊದಿ ಬಿಸಿಯಾದರೆ, ಮೂಳೆಯ ಮೇಲೆ ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸುವ ಹಾಗಿದ್ದರೆ, ಮೂತ್ರ ಹಾಲಿಲ್ಲದ ಟೀಯ ಬಣ್ಣಕ್ಕೆ ತಿರುಗಿದರೆ ಎಣ್ಣೆ, ಸೊಪ್ಪು ಎಲ್ಲ ಬಿಟ್ಟು ಅವತ್ತೇ ಬರಬೇಕು ಎಂದು ಅವನು ಹೇಳಿದ್ದಾನೆ. ಇಷ್ಟು ಹೇಳಿದ ಮೇಲೆ ಅವನು ನನ್ನ ಹೊಟ್ಟೆಯ ಕಡೆ ನೋಡಿ ಬೇರೇನೋ ಹೇಳಿದ, ಅದು ಇಲ್ಲಿ ಬೇಡ.

ಕಾಲುನೋವಿಗಿಂತ ಕಳ್ಳನಾದದ್ದು ಸುಸ್ತು. ನೋವಾದರೆ ಇಂಥ ಕಡೆ ಎಂದು ತೋರಿಸಬಹುದು. ಮೂರ್ನಾಲ್ಕು ವಾರ ದಿನಾ ಓಡಿದ ಮೇಲೆ ಬರುವ ಸುಸ್ತಿಗೆ ಜಾಗವಿಲ್ಲ. ಬೆಳಿಗ್ಗೆ ಎದ್ದಾಗ ನಾಡಿ ಎಂದಿಗಿಂತ ಜೋರಾಗಿರುತ್ತದೆ. ಮೈ ದಣಿದಿದ್ದರೂ ನಿದ್ದೆ ಬರುವುದಿಲ್ಲ. ಮೇಲಿಂದ ಮೇಲೆ ನೆಗಡಿ. ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಜಗಳ. ಅಕ್ಕಿಯೇ ವಿಷ ಎಂದು ಅನ್ನ ಬಿಟ್ಟು ಓಡುವವರಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ನಮ್ಮ ಸ್ನಾಯುಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ 400ರಿಂದ 500 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಆಸುಪಾಸು ಸಕ್ಕರೆ ದಾಸ್ತಾನಿರುತ್ತದೆ. ಪೂರ್ತಿ ಮ್ಯಾರಥಾನ್ ಓಡುವವರಿಗೆ 30 ಕಿಲೋಮೀಟರಿನ ಹತ್ತಿರ ಕಾಲು ಕಟ್ಟಿಹಾಕಿದಂತಾಗುವುದು ಇದು ಖಾಲಿಯಾಗಿಯೇ. ಮತ್ತೆ ತುಂಬಲು ಒಂದು ದಿನವಾದರೂ ಬೇಕು, ಜೊತೆಗೆ ಅನ್ನವೋ ಮುದ್ದೆಯೋ ಬೇಕು. ಸೌತೆಕಾಯಿ ಹೋಳು ತಿಂದು ಅದನ್ನು ತುಂಬಿಸಲು ಹೊರಟ ಗೆಳೆಯರೊಬ್ಬರು ಈಗ ಯಾರ ಮನೆಗೆ ಹೋದರೂ ಕುಕ್ಕರ್ ಕೂಗಿದ ಕಡೆಗೇ ಕಿವಿ ಕೊಟ್ಟು ಕೂರುತ್ತಾರೆ.

ಸುಸ್ತಿಗೆ ಮದ್ದು ಒಂದೇ, ಸುಮ್ಮನಿರುವುದು. ಓಡಿದಾಗ ಮೈ ಬಲವಾಗುವುದಿಲ್ಲ, ಹರಿಯುತ್ತದೆ ಅಷ್ಟೆ, ಬಲವಾಗುವುದು ಮಲಗಿದ್ದಾಗ. ಹಾಗೆಂದ ಮೇಲೆ ಮಲಗುವುದೂ ತರಬೇತಿಯ ಭಾಗ. ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ, ಮನೆಯಲ್ಲಿ ಒಪ್ಪಿಸುವುದು ಕಷ್ಟ. ನನ್ನ ಕೈಗಡಿಯಾರ ಜಾಣ. ಓಡಿ ಬಂದ ಕೂಡಲೇ ಇಷ್ಟು ಗಂಟೆ ವಿಶ್ರಾಂತಿ ತೆಗೆದುಕೋ ಎಂದು ಬರೆದು ತೋರಿಸುತ್ತದೆ. ಒಮ್ಮೆ ಎರಡು ದಿನಕ್ಕೂ ಮಿಕ್ಕಿ ತೋರಿಸಿತು. ಸೋಫಾದ ಮೇಲೆ ಕಾಲು ಚಾಚಿ, ಸಾಕ್ಷಿಗೆ ಗಡಿಯಾರ ಮುಂದೆ ಹಿಡಿದೆ. ಹೆಂಡತಿ ಓದಿದಳು. “ಸರಿ, ಅದಕ್ಕೇ ಹೇಳಿ, ಸಿಲಿಂಡರ್ ಬಂದಿದೆ, ಒಳಗಿಡಬೇಕು” ಎಂದಳು. ಆಮೇಲೆ ತಾನೇ ಒಂದು ಬದಿ ಹಿಡಿದಳು. ಅವಳು ಐದೂವರೆಗೆ ಎದ್ದವಳು ರಾತ್ರಿ ಹತ್ತರವರೆಗೆ ನಿಂತೇ ಇರುತ್ತಾಳೆ. ಕುತೂಹಲಕ್ಕೆ ಒಂದು ದಿನ ಅದೇ ಗಡಿಯಾರವನ್ನು ಅವಳ ಕೈಗೆ ಕಟ್ಟಿದ್ದೆ. ಸಂಜೆಗೆ ಅದು ತೋರಿಸಿದ ಹೆಜ್ಜೆಗಳ ಲೆಕ್ಕ ನನ್ನ ಓಟವಿಲ್ಲದ ದಿನದ್ದರ ಪಕ್ಕ ಇಟ್ಟು ನೋಡುವಂತಿರಲಿಲ್ಲ. ಅಂದಿನಿಂದ ನನ್ನ ವಿಶ್ರಾಂತಿಯ ದಿನ ಪಾತ್ರೆ ನಾನೇ ತೊಳೆಯುತ್ತೇನೆ. ನಿಂತು ತೊಳೆಯುವುದನ್ನು ಗಡಿಯಾರ ವ್ಯಾಯಾಮ ಎಂದು ಗುರುತಿಸುವುದಿಲ್ಲ, ಆದ್ದರಿಂದ ನಿಯಮಭಂಗವೂ ಇಲ್ಲ.

ಸುಮ್ಮನಿರುವುದಕ್ಕೆ ಶಾಸ್ತ್ರಾಧಾರ ಬೇಕೆನ್ನುವವರಿಗೆ ಅದೂ ಇದೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ವ್ಯಾಯಾಮಕ್ಕೆ ಹಾಕಿದ ಗಡಿ, ಬಲವಿದ್ದವನೂ ಅರ್ಧಶಕ್ತಿಯಲ್ಲಿ ಮಾಡಬೇಕು ಎನ್ನುವುದು. ಅದೂ ಚಳಿಗಾಲ, ವಸಂತ ಋತುಗಳಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಅಭ್ಯಂಗ ದಿನಾ ಮಾಡು, ಅದರಲ್ಲೂ ತಲೆ, ಕಿವಿ, ಪಾದಕ್ಕೆ ತಪ್ಪದೆ ಹಚ್ಚು ಎಂಬ ಮಾತೂ ಅಲ್ಲೇ ಇದೆ. ಅತ್ತೆಯವರಿಗೆ ಇದನ್ನು ಓದಿ ಹೇಳಿದಾಗ, “ನಾನು ಹೇಳಿದ್ರೆ ಆಗಲ್ಲ, ಅವನು ಹೇಳ್ಬೇಕು” ಎಂದರು. ವಾಗ್ಭಟ ಗೊತ್ತಿಲ್ಲದ ಅಮೆರಿಕದ ಓಟದ ಕೋಚ್ ಬಿಲ್ ಬವರ್‌ಮನ್ ಕೂಡ ಒರೆಗಾನಿನಲ್ಲಿ ತನ್ನ ಹುಡುಗರಿಗೆ ಒಂದು ದಿನ ಕಠಿಣ, ಮಾರನೆಯ ದಿನ ಹಗುರ ಎಂದು ಕಟ್ಟುನಿಟ್ಟು ಮಾಡಿದ್ದ. ಹಗುರದ ದಿನ ಕದ್ದು ಜೋರಾಗಿ ಓಡಿದವನಿಗೆ ಬೈಗುಳ. ಇದೇ ಬವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡನನ್ನು ನೋಡಲು ಹೋದಾಗ, ಎಪ್ಪತ್ತು ದಾಟಿದ, ಹೃದಯಾಘಾತ ಕಂಡ ಮುದುಕರೊಬ್ಬರು ಗುಡ್ಡದಲ್ಲಿ ಅವನ ಜೊತೆಗೆ ನಿಧಾನವಾಗಿ ಓಡಿ ಅವನನ್ನು ಸುಸ್ತು ಹೊಡೆಸಿದರು. ಮಾತಾಡಲು ಬರುವಷ್ಟು ನಿಧಾನ, ಅದೇ ಲಿಡಿಯಾರ್ಡನ ಓಟದ ಅಳತೆ. ಮೈಸೂರಿನವರಿಗೆ ಹೇಳಿ ಮಾಡಿಸಿದ್ದು. ಮಾತು ನಿಲ್ಲಿಸುವುದಕ್ಕಿಂತ ಓಟ ನಿಲ್ಲಿಸುವುದು ನಮಗೆ ಸುಲಭ.

ದಣಿದ ಕಾಲಿಗೆ ತಕ್ಕ ಮರ್ಯಾದೆ ಸಿಗುವುದನ್ನು ನೋಡಬೇಕಾದರೆ ಮಾತ್ರ ಉತ್ತರ ಕರ್ನಾಟಕಕ್ಕೆ ಹೋಗಬೇಕು. ಯುಗಾದಿಗೆ ಮುಂಚೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾವಿರಾರು ಮಂದಿ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದೇ ಹೋಗುತ್ತಾರೆ. ಬೇಸಿಗೆಯ ಬಿಸಿಲು, ನೂರಾರು ಕಿಲೋಮೀಟರು, ಹೆಗಲಿಗೆ ಕಂಬಳಿ ಗಂಟು, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಇವರಿಗೆ ತರಬೇತುದಾರನಿಲ್ಲ, ಆದರೆ ಪದ್ಧತಿ ಇದೆ. ನಸುಕಿನಲ್ಲಿ ನಡಿಗೆ, ಬಿಸಿಲೇರಿದ ಮೇಲೆ ಬೇವಿನ ಮರದಡಿ ನಿದ್ದೆ, ಹೊತ್ತಿಳಿದ ಮೇಲೆ ಮತ್ತೆ ನಡಿಗೆ. ನಾನು ಕೆಲಸದ ಮೇಲೆ ಲಿಂಗಸೂಗೂರಿನ ಕಡೆ ಇದ್ದ ವರ್ಷ ರಸ್ತೆ ಬದಿಯ ಪೆಂಡಾಲಿನಲ್ಲಿ ಕೂತು ನೋಡಿದ್ದೆ. ಒಂದು ಕಡೆ ಮಜ್ಜಿಗೆ, ಒಂದು ಕಡೆ ಜೋಳದ ರೊಟ್ಟಿ, ಇನ್ನೊಂದು ಕಡೆ ಬಕೆಟ್ಟು ತುಂಬ ಬಿಸಿನೀರು. ದೊಡ್ಡ ಮೀಸೆಯ ರೈತನೊಬ್ಬ ಪಂಚೆ ಮೇಲೆತ್ತಿ ಕಟ್ಟಿ ಕೂತಿದ್ದ. ಬಂದವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಧೂಳು ತೊಳೆದು, ಬೊಬ್ಬೆ ಎಲ್ಲಿದೆ ಎಂದು ಬೆರಳ ಸಂದಿಯೆಲ್ಲ ಹುಡುಕಿ, ಎಣ್ಣೆ ಹಚ್ಚಿ ಹಿಮ್ಮಡಿಯಿಂದ ಮೇಲಕ್ಕೆ ಒತ್ತುತ್ತಿದ್ದ. ಎಳೆಯ ಹುಡುಗನೊಬ್ಬ ಹಿರಿಯರಿಂದ ಕಾಲು ಒತ್ತಿಸಿಕೊಳ್ಳಲು ನಾಚಿ ಹಿಂದೆಳೆದುಕೊಂಡ. “ಚಾಚೋ ತಮ್ಮಾ, ನಿನ್ನ ಕಾಲಲ್ಲ ಇವು, ಮಲ್ಲಯ್ಯನ ಕಾಲು” ಎಂದ ಆತ, ಗದರಿಸಿದ ಹಾಗೇ.

ಮುಂದೆ ನಲ್ಲಮಲ ಕಾಡು ಹೊಕ್ಕ ಮೇಲೆ ಭೀಮನ ಕೊಳ್ಳಕ್ಕೆ ಇಳಿದು ಮತ್ತೆ ಹತ್ತಬೇಕು. ಅಲ್ಲಿ ಹೋಗಿ ಬಂದವರನ್ನು ಕೇಳಿದರೆ ಹತ್ತಿದ್ದರ ಬಗ್ಗೆ ದೂರುವುದಿಲ್ಲ, ಇಳಿದದ್ದನ್ನೇ ಹೇಳುತ್ತಾರೆ.  ಆದರೂ ನಡೆಯದೆ ನೇರ ಬಂದು ಇಳಿಯುವವರಷ್ಟು ಇವರು ನರಳದಿರುವುದಕ್ಕೂ ಒಂದು ಕಾರಣವುಂಟು: ದಿನಗಟ್ಟಲೆ ನಡೆದು ಬಂದ ಕಾಲು ಅದು. ಸ್ನಾಯುವಿಗೆ ಇಳಿಜಾರಿನ ಪೆಟ್ಟು ಒಮ್ಮೆ ಬಿದ್ದರೆ ಕೆಲವು ವಾರಗಳವರೆಗೆ ಅದೇ ಪೆಟ್ಟನ್ನು ಅದು ಸುಲಭವಾಗಿ ತಡೆದುಕೊಳ್ಳುತ್ತದೆ. ಮೊದಲ ಪೆಟ್ಟು ಸಣ್ಣದಾಗಿದ್ದರೂ ಸಾಕು.

ಆದ್ದರಿಂದ ಮೈಸೂರಿಗೆ ಬಂದು ಚಾಮುಂಡಿಬೆಟ್ಟ ಹತ್ತುವ ಆಸೆ ಇದ್ದವರಲ್ಲಿ ನನ್ನದೊಂದು ವಿನಂತಿ. ಮೆಟ್ಟಿಲ ಮೇಲೆ ಧಾರಾಳವಾಗಿ ಹತ್ತಿ. ದರ್ಶನ ಮುಗಿಸಿ, ಇಷ್ಟು ಹತ್ತಿದವನಿಗೆ ಇಳಿಯುವುದೇನು ಮಹಾ ಎಂದು ಹೊರಡಬೇಡಿ. ಮೇಲಿನಿಂದ ನಂದಿಯವರೆಗೆ ಮಾತ್ರ ಇಳಿಯಿರಿ, ಮತ್ತೆ ಹತ್ತಿ ಮೇಲೆ ಬನ್ನಿ, ಬಸ್ಸು ಹಿಡಿಯಿರಿ. ಪೂರ್ತಿ ಇಳಿಯುವುದನ್ನು ಎರಡು ವಾರ ಬಿಟ್ಟು ಇಟ್ಟುಕೊಳ್ಳಿ. ಬೆಟ್ಟದಿಂದ ಸಿಟಿ ಬಸ್ ಸ್ಟ್ಯಾಂಡಿಗೆ 201 ನಂಬರಿನದು ಬರುತ್ತದೆ. ಕಿಟಕಿ ಪಕ್ಕದ ಸೀಟು ಬೇರೆಯವರಿಗೆ ಬಿಡಿ. ಕಾಲು ಚಾಚಲು ನಡುದಾರಿಯ ಕಡೆಯದೇ ಒಳ್ಳೆಯದು.